ಒಪ್ಪದ ಪಾಸ್‌ವರ್ಡ್

ನಮ್ಮ ನರಿನ್ ಪಟ್ಟಣದ ಬಜಾರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸುತ್ತ, ನೋಡಿ ನೋಡಿಯೇ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕುವುದನ್ನು ಕಲಿತವಳು ನಾನು. ಅಂದು ಉಣ್ಣೆಯ ಹಾಸು ಹೊಲಿಯುವ ಸಾಯ್ರಾಗುಲ್ ಅಕ್ಕನಿಗೆ ಹೇಳಿಕೊಟ್ಟೆ. ತನ್ನ ಕಂಪ್ಯೂಟರಿಗೆ ಅವಳೇ ಕೂತು ಹಾಕಿದಳು. ಆದರೆ ಕೊನೆಯಲ್ಲಿ ಅವಳ ಪಾಸ್‌ವರ್ಡನ್ನು ಯಂತ್ರ ಒಪ್ಪಲಿಲ್ಲ.

ಮಾಲೀಕ ತೊಕ್ತೊಸುನ್ ನಕ್ಕ. "ಏಳನೇ ಕ್ಲಾಸು ಬಿಟ್ಟೋಳು ಟೀಚರಮ್ಮ ಆಗಿದಾಳೆ. ಏಳಕ್ಕ, ನಾನೇ ಹಾಕ್ಕೊಡ್ತೀನಿ."

ಅಕ್ಕ ಏಳಹೊರಟಳು. ಪಾಸ್‌ವರ್ಡ್ ಇಡುವಾಗ ಕೀಲಿಮಣೆ ರಷ್ಯನ್ ಅಕ್ಷರದಲ್ಲಿತ್ತು, ಈಗ ಇಂಗ್ಲಿಷಿಗೆ ತಿರುಗಿದೆ ಎಂದು ನನಗೆ ಹೊಳೆಯಿತು.

"ಕೂತ್ಕೋ ಅಕ್ಕ. ಸ್ಕ್ರೀನ್ ಮೂಲೇಲಿ ಭಾಷೆ ಬದಲಾಯ್ಸಿ ಮತ್ತೆ ಹೊಡಿ."

"ಅವಳು ಮುಟ್ಟಿದ್ರೆ ನಾಳೆಯಿಂದ ನೀನು ಬರಬೇಡ," ಎಂದ ಮಾಲೀಕ, ನನ್ನತ್ತ ತಿರುಗಿ.

"ಬರಲ್ಲ ಬಿಡಣ್ಣ. ಅಕ್ಕನ ಮನೇಲೇ ಕೂತು ಎಲ್ರಿಗೂ ಕಲಿಸ್ತೀನಿ." ಪೊರಕೆಯನ್ನು ಗೋಡೆಗೆ ಒರಗಿಸಿದೆ.

ಅಕ್ಕ ಅವನತ್ತ ನೋಡದೆ ಭಾಷೆ ಬದಲಾಯಿಸಿ, ಒಂದೊಂದೇ ಕೀಲಿ ಒತ್ತಿದಳು. ಯಂತ್ರ ಒಪ್ಪಿಕೊಂಡಿತು.