ಒಂದೇ ಅಕೌಂಟ್ ಸಾಕು

ಅವಳು ಎರಡನೆಯ ಚರಣಕ್ಕೆ ಬಂದಿದ್ದಳಷ್ಟೇ, ಆ ಹಾಡುವ ಹೆಂಗಸು, ಸ್ವಲ್ಪ ಒಡಕು ದನಿಯವಳು, ಇನ್ನೇನು ಉಸಿರು ತೆಗೆದುಕೊಂಡು ಮೇಲಕ್ಕೆ ಏರಬೇಕು — ಕಟ್, ಡಬ ಡಬ ಡಬ, ಎರಡೂ ಕಿವಿಯಲ್ಲಿ ಡ್ರಮ್ಮು, ಯಾರೋ ಗಂಡಸು ಪಂಜಾಬಿಯಲ್ಲಿ ಕೂಗುತ್ತಿದ್ದಾನೆ, ನಾನು ಫೋನ್ ಮುಟ್ಟಲೇ ಇಲ್ಲ, ಫೋನ್ ಬ್ಯಾಗಿನೊಳಗೆ, ಬ್ಯಾಗ್ ಮಡಿಲಲ್ಲಿ, ನನ್ನ ಎರಡು ಕೈಯೂ ಮುಂದಿನ ಸೀಟಿನ ಕಂಬಿಯ ಮೇಲೆ, ಬಸ್ಸು ಗುರುವಾಯನಕೆರೆಯ ತಿರುವಿನಲ್ಲಿ ವಾಲಿದೆ, ಹೀಗಿರುವಾಗ ನನ್ನ ಕಿವಿಯ ಹಾಡು ಬದಲಿಸಿದವನು ಉಜ್ವಲ್, ನಾನು ಮದುವೆಯಾಗಬೇಕಾದವನು, ಈಗ ಅವನು ಲಾಯಿಲದಲ್ಲಿ ನಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು, ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಗೆ ಬರುವವರೆಗೆ ಹೊತ್ತು ಕಳೆಯಲಿಕ್ಕೆಂದು ಫೋನ್ ತೆಗೆದು ನೋಡಿರಬೇಕು, ಸಾತ್ವಿಕಾ ಬಸ್ಸಿನಲ್ಲಿ ಎಂತ ಕೇಳ್ತಾ ಇದ್ದಾಳೆ, ಓ ಇದಾ, ಬೇಡ, ಇದು ಕೇಳಲಿ. ಅಕೌಂಟ್ ಒಂದೇ ಅಲ್ಲವಾ, ಅವನು ಅಲ್ಲಿ ಒತ್ತಿದರೆ ನನಗೆ ಇಲ್ಲಿ ಬದಲಾಗುತ್ತದೆ. ಇಗೋ, ಮೆಸೇಜೂ ಬಂತು, ಬ್ಯಾಗಿನಿಂದ ಫೋನ್ ತೆಗೆದು ಓದಿದೆ, ಬೆಳಿಗ್ಗೆ ಬೆಳಿಗ್ಗೆ ಅಳುವ ಪದ್ಯ ಯಾಕೆ, ಇದು ಕೇಳು, ಜೋಶ್ ಬರ್ತದೆ, ಕೊನೆಗೊಂದು ನಗುವ ಮುಖ. ನನಗೆ ಜೋಶ್ ಬೇಡ, ಆ ಹೆಂಗಸು ಮೇಲಕ್ಕೆ ಏರುವುದು ಬೇಕಿತ್ತು, ಅಷ್ಟೇ.

ಅವನು ಒಳ್ಳೆಯವನು, ಅದೇ ದೊಡ್ಡ ಕಷ್ಟ. ಬಿ.ಸಿ.ರೋಡಿನಲ್ಲಿ ಟೈಲ್ಸ್ ಅಂಗಡಿ, ಪಾಣೆಮಂಗಳೂರಿನಲ್ಲಿ ಮನೆ, ಕುಡಿಯುವುದಿಲ್ಲ, ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾನೆ, ಬಸ್ಸಿನಲ್ಲಿ ಯಾಕೆ ಬರುದು ಆಂಟಿ, ನಾನೇ ಬಂದು ಕರಕೊಂಡು ಹೋಗ್ತೇನೆ ಅಂದನಂತೆ, ಅಮ್ಮ ಅದನ್ನು ನೆರೆಮನೆಯವರಿಗೆಲ್ಲ ಹೇಳಿ ಮುಗಿಸಿದ್ದಾಳೆ, ನೋಡಿ ಎಷ್ಟು ವಿನಯ. ಗಂಡಿನ ಮನೆಗೆ ಮಾತು ಕೊಡಲಿಕ್ಕೆ ಹೋಗುವ ಇಂಥ ದಿನ ಹುಡುಗಿ ಹೋಗುವ ಕ್ರಮ ಇಲ್ಲ, ಹುಡುಗಿ ಎಂದಿನಂತೆ ಮೂಡುಬಿದಿರೆಯ ಲ್ಯಾಬಿಗೆ ಹೋಗಿ ಜನರ ರಕ್ತ ತೆಗೆಯಬೇಕು, ಹುಡುಗಿಯ ಸೋದರಮಾವ ಹೋಗಿ ಗಂಡಿನವರ ಚಾವಡಿಯಲ್ಲಿ ಕುಳಿತು, ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು, ಆಯ್ತು, ನಮ್ಮ ಹುಡುಗಿಯನ್ನು ಕೊಡ್ತೇವೆ ಅಂದುಬಿಟ್ಟರೆ ಮುಗಿಯಿತು, ಮತ್ತೆ ಉಳಿಯುವುದು ಹಾಲ್ ಬುಕ್ಕಿಂಗ್ ಮಾತ್ರ. ನೋಣಯ್ಯ ಮಾವ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ, ತೆಗೆದುಕೊಳ್ಳುವ ಹಾಗೆ ನಾನು ಮಾಡಿದರೆ ಅಮ್ಮ ತನ್ನ ಅಣ್ಣನ ಮುಖವನ್ನು ಹೇಗೆ ನೋಡುವುದು. ಅಪ್ಪ ಮಸ್ಕತ್‌ನಿಂದ ಒಂದೇ ಮಾತು, ಮಾವ ಹೇಳಿದ ಹಾಗೆ ಮಾಡಿ. ಬೆಳಿಗ್ಗೆ ದೋಸೆ ಹಾಕುತ್ತಾ ಅಮ್ಮ ಕೇಳಿದ್ದಳು, ಕೇಳಲಿಲ್ಲ ಅಂತ ಹೇಳಲಿಕ್ಕಿಲ್ಲ, ಎಂತಾದರೂ ಹೇಳ್ಲಿಕ್ಕೆ ಉಂಟಾ ಮಗಾ, ಇದ್ದರೆ ಈಗಲೇ ಹೇಳು, ಅಲ್ಲಿಗೆ ಹೋಗಿ ಕೂತ ಮೇಲೆ ಆಗುದಿಲ್ಲ. ನಾನು ಎಂತ ಹೇಳುವುದು, ಪದ್ಯ ಬದಲಿಸ್ತಾನೆ, ಅದಕ್ಕೆ ಮದುವೆ ಬೇಡ ಅಂತಲಾ, ಕೇಳಿದವರು ಬಿದ್ದು ಬಿದ್ದು ನಗಲಿಕ್ಕಿಲ್ಲವಾ, ಕುಸುಮಕ್ಕನ ಮಗಳಿಗೆ ಪದ್ಯ ಸರಿಯಾಗಲಿಲ್ಲವಂತೆ. ಚಟ್ನಿ ಖಾರ ಆಯ್ತು ಅಂದೆ.

ಡ್ರಮ್ಮು ನಿಂತಿತು. ಕಿವಿಯಲ್ಲಿ ಎಂತದೂ ಇಲ್ಲ, ಬಸ್ಸಿನ ಗಡಗಡ ಮಾತ್ರ, ಹಿಂದೆ ಯಾರದೋ ಕೆಮ್ಮು, ಫೋನ್ ತೆಗೆದು ನೋಡಿದರೆ ಕೆಳಗೆ ಹಸಿರು ಅಕ್ಷರದಲ್ಲಿ ಉಜ್ವಲ್ ಕಾರ್, ಓ ಹೊರಟರು, ಕಾರಿನಲ್ಲಿ ಹಾಡು ಶುರುವಾದರೆ ನನ್ನದು ತನ್ನಷ್ಟಕ್ಕೆ ನಿಲ್ಲುತ್ತದೆ, ಒಂದು ಅಕೌಂಟಿಗೆ ಒಂದು ಹೊತ್ತಿಗೆ ಒಂದೇ ಬಾಯಿ. ಅಮ್ಮ ಹಿಂದಿನ ಸೀಟಿನಲ್ಲಿ ಕಿಟಕಿಯ ಹತ್ತಿರ, ಮಡಿಲಲ್ಲಿ ಹರಿವಾಣದ ಚೀಲ, ಮಾವ ಮುಂದೆ, ಬೆಲ್ಟ್ ಹಾಕಿಕೊಳ್ಳಲಿಕ್ಕೆ ಗೊತ್ತಾಗದೆ ಉಜ್ವಲ್ ಬಗ್ಗಿ ಹಾಕಿಕೊಟ್ಟಿರುತ್ತಾನೆ, ಪರದೆಯ ಮೇಲೆ ಹಾಡಿನ ಗೆರೆ ಎಡದಿಂದ ಬಲಕ್ಕೆ ಹೋಗುತ್ತಾ ಇದೆ, ಅವರೂ ಹೋಗುತ್ತಾ ಇದ್ದಾರೆ, ಇನ್ನು ಮಡಂತ್ಯಾರು, ಪುಂಜಾಲಕಟ್ಟೆ, ಬಂಟ್ವಾಳ, ನದಿ ದಾಟಿದರೆ ಅವನ ಮನೆ. ನನ್ನ ಬಸ್ಸು ಇನ್ನೂ ಗರ್ಡಾಡಿಯಲ್ಲಿ ಹಾಲಿನ ಕ್ಯಾನ್ ಇಳಿಸುತ್ತಾ ಇದೆ, ಬೇಗ ಬೇಗ ಇಳಿಸಿ ಮಾರಾಯರೇ ಅಂತ ಕಂಡಕ್ಟರ್, ನನಗೆ ಬೇಗ ಬೇಡ, ನನಗೆ ಎಲ್ಲವೂ ಒಮ್ಮೆ ನಿಲ್ಲಬೇಕು.

ಮೊದಲು ನನಗೂ ಅವನು ಇಷ್ಟವಾಗಿದ್ದ, ಇಲ್ಲ ಅಂದರೆ ಸುಳ್ಳಾಗುತ್ತದೆ. ನೋಡಲಿಕ್ಕೆ ಬಂದ ದಿನ, ಶರಬತ್ತು ಕುಡಿದು, ಅವನ ಅಮ್ಮ ನಮ್ಮ ಅಮ್ಮ ಬರಿಯ ಬಗ್ಗೆ, ಅಂದರೆ ಕುಲದ ಬಗ್ಗೆ, ನೆಂಟರ ಬಗ್ಗೆ ಮಾತು ಮುಗಿಸಿ, ಮಕ್ಕಳು ಸ್ವಲ್ಪ ಮಾತಾಡಲಿ ಅಂತ ನಮ್ಮನ್ನು ಜಗಲಿಗೆ ಕಳಿಸಿದಾಗ, ಅಡುಗೆ ಬರ್ತದಾ ಅಂತ ಕೇಳಲಿಲ್ಲ, ಸಂಬಳ ಎಷ್ಟು ಅಂತ ಕೇಳಲಿಲ್ಲ, ನೀವು ಪದ್ಯ ಎಂತದರಲ್ಲಿ ಕೇಳುದು ಅಂತ ಕೇಳಿದ. ಮೊದಲು ನೋಡಿಹೋದ ಗಂಡುಗಳಲ್ಲಿ ಯಾರೂ ಕೇಳದ ಪ್ರಶ್ನೆ, ನನಗೆ ಒಳಗೊಳಗೇ ಖುಷಿ, ಫೋನ್ ತೋರಿಸಿದೆ, ಪುಕ್ಕಟೆ ಆ್ಯಪು, ಎರಡು ಹಾಡಿಗೊಮ್ಮೆ ಜಾಹೀರಾತು, ಉಝ್ಮಾ ಹಾಕಿಕೊಟ್ಟದ್ದು. ಉಝ್ಮಾ ಸಿದ್ಧಕಟ್ಟೆಯವಳು, ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜು. ಅವಳ ಲೆಕ್ಕಾಚಾರವೇ ಬೇರೆ, ತುಳು ಬೇಕಾದರೆ ವಿಡಿಯೋದ ಆ್ಯಪ್, ಮಲಯಾಳ ಬೇಕಾದರೆ ಇನ್ನೊಂದು, ಡೇಟಾ ಮುಗಿದರೆ ಡೌನ್‌ಲೋಡ್ ಮಾಡಿಟ್ಟದ್ದು, ಜಾಹೀರಾತು ಬಂದರೆ ಬರಲಿ ಮಾರಾಯ್ತಿ, ಅದೂ ಪಾಪ ಬದುಕಬೇಕಲ್ಲ ಅನ್ನುವವಳು. ಉಜ್ವಲ್ ನಕ್ಕ, ಅಯ್ಯೋ, ಇನ್ನೂ ಜಾಹೀರಾತು ಕೇಳುದಾ ನೀವು, ಕೊಡಿ ಇಲ್ಲಿ — ಕೊಡಿ ಅಂದನಾ, ಅಂದ, ಆದರೆ ಅನ್ನುವ ಮೊದಲೇ ಫೋನ್ ಅವನ ಕೈಯಲ್ಲಿತ್ತು, ನನ್ನ ಕೈ ಖಾಲಿ, ಇನ್ನೂ ಹಿಡಿದ ಹಾಗೆಯೇ ಮಡಚಿಕೊಂಡಿತ್ತು. ಅವನ ಅಕೌಂಟ್ ಹಾಕಿದ, ಅವನ ಪಾಸ್‌ವರ್ಡ್, ಬೇರೆ ಬೇರೆ ಎಂತಕ್ಕೆ, ನಮಗಿಬ್ಬರಿಗೂ ಒಂದೇ ಸಾಕು, ಇನ್ನು ಆರಾಮ ಅಂದ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅಮ್ಮ ಇಣುಕಿ ನೋಡಿದ್ದಳು, ಅವನ ಕೈಯಲ್ಲಿ ನನ್ನ ಫೋನ್, ಅಷ್ಟೇ ಅವಳಿಗೆ ಕಂಡದ್ದು. ಅವರು ಹೋದ ಮೇಲೆ ಮಾವನಿಗೆ ಫೋನ್ ಮಾಡಿ ಹೇಳುತ್ತಾಳೆ, ಒಪ್ಪಿದ್ದಾಳೆ ಅಣ್ಣ, ಬಾಯಿ ಬಿಟ್ಟು ಹೇಳ್ತಾಳಾ ಅವಳು, ಫೋನೇ ಕೊಟ್ಟಿದ್ದಾಳೆ ಅವನ ಕೈಗೆ, ನಮಗೇ ಮುಟ್ಲಿಕ್ಕೆ ಬಿಡುದಿಲ್ಲ, ಈಗಿನವರು ಫೋನ್ ಕೊಟ್ಟರೆ ಮತ್ತೆ ಕೇಳ್ಲಿಕ್ಕುಂಟಾ. ಇವತ್ತು ಬೆಳಿಗ್ಗೆಯವರೆಗೆ ನನ್ನ ಹತ್ತಿರ ಯಾರೂ ಕೇಳಲೇ ಇಲ್ಲ, ನಾನೂ ಸುಮ್ಮನಿದ್ದೆ, ಆಗ ಸುಮ್ಮನಿರಲಿಕ್ಕೆ ಬೇಸರವೂ ಇರಲಿಲ್ಲ.

ಆಮೇಲೆ ನೀವು ಹೋಗಿ ನೀನು ಆಯಿತು, ಅದು ಸರಿಯೇ. ನಿನ್ನೆ ಲೇಟಾಗಿ ಕೇಳಿದ್ದಿಯಲ್ಲ, ನಿದ್ದೆ ಬರಲಿಲ್ಲವಾ ಅಂತ ಮೆಸೇಜ್, ಮೊದಲ ಸಲ ಎದೆ ಹಗುರಾಯಿತು, ಯಾರೋ ನೋಡಿಕೊಳ್ಳುತ್ತಾರೆ ಅಂತ, ಮೂರನೆಯ ಸಲ ಫೋನನ್ನು ಮಗುಚಿ ಇಟ್ಟೆ, ಯಾರೋ ನೋಡುತ್ತಾ ಇದ್ದಾರೆ ಅಂತ. ಉಝ್ಮಾ ಕಳಿಸಿದ ಮಾಪ್ಳ ಪಾಟುಗಳ, ಅಂದರೆ ಮಲಯಾಳಿ ಮುಸ್ಲಿಮರ ಹಾಡುಗಳ, ಒಂದು ಪಟ್ಟಿ ಇಟ್ಟುಕೊಂಡಿದ್ದೆ, ಅವಳ ಅಣ್ಣ ಹಾರಿಸ್‌ನ ಮದುವೆಯಲ್ಲಿ ನಾವೆಲ್ಲ ಕೈ ತಟ್ಟಿದ ಹಾಡುಗಳು, ಒಂದು ಬೆಳಿಗ್ಗೆ ನೋಡಿದರೆ ಇಲ್ಲ, ಅದೆಲ್ಲ ನಮ್ಮ ಅಕೌಂಟಿನಲ್ಲಿ ಬೇಡ ಮಾರಾಯ್ತಿ, ನಾಳೆ ಕಾರಿನಲ್ಲಿ ಅಪ್ಪ ಅಮ್ಮ ಇರುವಾಗ ಬಂದರೆ ಎಂತ ಗ್ರಹಿಸ್ತಾರೆ, ತೆಗೆದೆ ಅಂತ ಅವನ ಮೆಸೇಜ್. ಎಷ್ಟು ಮೆತ್ತಗೆ ಹೇಳುತ್ತಾನೆ, ಜಗಳ ಮಾಡಲಿಕ್ಕೆ ಒಂದು ಹಿಡಿ ಸಿಗುವುದಿಲ್ಲ. ಉಝ್ಮಾ ಕೇಳಿದಳು, ಕೇಳಿದ್ದಿಯಾ ಅದು, ಕೊನೆಯದ್ದು ಚಂದ ಉಂಟಲ್ಲ, ನಾನು ಹೌದು ಚಂದ ಉಂಟು ಅಂದೆ, ನಾಚಿಕೆಯಾಯಿತು ನನಗೆ, ಈಗಲೂ ಆಗುತ್ತದೆ. ಸಿಟ್ಟಿನಲ್ಲಿ ಹಳೆಯ ಪುಕ್ಕಟೆ ಆ್ಯಪಿಗೆ ಹೋದೆ, ಎರಡು ದಿನವಾಗಲಿಲ್ಲ, ಎಂತ, ಎಂತದೂ ಕೇಳ್ತಾ ಇಲ್ಲ ನೀನು, ಕೋಪವಾ, ನನ್ನಿಂದ ಎಂತಾದರೂ ತಪ್ಪಾಯ್ತಾ, ಪಾಪ ಅನಿಸುವ ಹಾಗೆ. ಈಗ ಎಂತ ಮಾಡುತ್ತೇನೆ ಗೊತ್ತುಂಟಾ, ಯಾರಿಗೂ ಹೇಳಿಲ್ಲ, ಲ್ಯಾಬಿಗೆ ಹೋದ ಕೂಡಲೇ ಅವನಿಗೆ ಇಷ್ಟವಾದ ಹಾಡುಗಳನ್ನು ಹಚ್ಚಿ, ಸದ್ದು ಸೊನ್ನೆ ಮಾಡಿ, ಫೋನನ್ನು ಹತ್ತಿಯ ಡಬ್ಬಿಯ ಪಕ್ಕ ಡ್ರಾಯರಿನಲ್ಲಿ ಇಡುತ್ತೇನೆ, ಅದು ಅಲ್ಲಿ ಬಾಯಿ ಮುಚ್ಚಿಕೊಂಡು ಹಾಡುತ್ತಾ ಇರುತ್ತದೆ, ಮಧ್ಯಾಹ್ನ ಅವನ ಮೆಸೇಜ್, ಇವತ್ತು ಒಳ್ಳೆ ಒಳ್ಳೆ ಪದ್ಯ ಕೇಳಿದ್ದಿ, ನಿನ್ನ ಟೇಸ್ಟ್ ಸರಿಯಾಗ್ತಾ ಬಂತು. ಮದುವೆಯಾದ ಮೇಲೆ ಎಂತೆಂತದನ್ನು ಹೀಗೆ ಡ್ರಾಯರಿನಲ್ಲಿ ಇಡಬೇಕು ನಾನು, ಅಡುಗೆ, ನೆಂಟರು, ಉಝ್ಮಾ, ನಗುವುದು, ಎಲ್ಲಿಯವರೆಗೆ. ಇದನ್ನು ಬೆಳಿಗ್ಗೆ ದೋಸೆಯ ಕಾವಲಿಯ ಎದುರು ಅಮ್ಮನಿಗೆ ಹೇಳಲಿಕ್ಕೆ ನನಗೆ ಮಾತು ಸಿಗಲಿಲ್ಲ.

ವೇಣೂರು. ಜನ ನುಗ್ಗಿದರು, ಮುಂದಿನ ಸೀಟಿನಲ್ಲಿ ಎರಡು ಕಾಲೇಜು ಹುಡುಗಿಯರು, ಕೊರಳಲ್ಲಿ ಐಡಿ ಕಾರ್ಡ್, ಒಂದೇ ಇಯರ್‌ಫೋನಿನ ವಯರು ಇಬ್ಬರ ನಡುವೆ, ಇವಳ ಎಡಕಿವಿ ಅವಳ ಬಲಕಿವಿ, ಜಗಳ ಬೇರೆ, ಆ ಆ್ಯಪಲ್ಲಿ ತುಳು ಪದ್ಯ ಸಿಗುದೇ ಇಲ್ಲ, ಸಿಗ್ತದೆ, ನಿನಗೆ ಹುಡುಕ್ಲಿಕ್ಕೆ ಬರುದಿಲ್ಲ, ಇದರಲ್ಲಿ ಸಾಹಿತ್ಯ ಬರ್ತದೆ ನೋಡು ಕೆಳಗೆ, ಸಾಹಿತ್ಯ ನೋಡಿಕೊಂಡು ಎಂತ ಪರೀಕ್ಷೆ ಬರಿಲಿಕ್ಕುಂಟಾ, ನನಗೆ ನಗು ಬಂತು, ಕಿವಿಯಲ್ಲಿ ಎಂತದೂ ಇಲ್ಲವಾದ್ದರಿಂದ ಎಲ್ಲವೂ ಕೇಳುತ್ತದೆ. ಆಮೇಲೆ ಫೋನ್ ಹಿಡಿದವಳು, ಬೆರಳು ಪರದೆಯ ಮೇಲೆ ಇಟ್ಟು, ಇನ್ನೊಬ್ಬಳ ಮುಖ ನೋಡಿ, ಬದಲಿಸ್ಲಾ ಅಂದಳು. ತಡಿ, ಇದು ಮುಗಿಲಿ ಅಂದಳು ಇವಳು. ಆಯ್ತು ಅಂತ ಆಕೆ ಬೆರಳು ತೆಗೆದಳು. ಇಷ್ಟೇ, ಬೇರೆ ಎಂತ ಇಲ್ಲ, ಬದಲಿಸ್ಲಾ, ತಡಿ, ಆಯ್ತು, ನನಗೆ ಒಮ್ಮೆಲೇ ಕಣ್ಣೆಲ್ಲ ನೀರು, ಪಕ್ಕದ ಹೆಂಗಸು ಎಂತಾಯ್ತಮ್ಮ ಧೂಳಾ ಅಂತ ಕೇಳುತ್ತಾರೆ, ಹೌದು ಧೂಳು ಅನ್ನುತ್ತೇನೆ. ಅಷ್ಟು ಸಣ್ಣದು ಅಲ್ಲ ಇದು. ನಾನು ಇಷ್ಟು ದಿನ ಸಣ್ಣದು ಸಣ್ಣದು ಅಂತ ನನಗೆ ನಾನೇ ಹೇಳಿಕೊಂಡದ್ದು.

ಪರದೆಯಲ್ಲಿ ಉಜ್ವಲ್ ಕಾರ್, ಗೆರೆ ಓಡುತ್ತಾ ಇದೆ, ಹೊಸ ಹಾಡು, ಬಂಟ್ವಾಳ ಹತ್ತಿರ ಬಂದಿರಬೇಕು, ಅವನಿಗೆ ನನ್ನದನ್ನು ಬದಲಿಸಲಿಕ್ಕೆ ಆಗುತ್ತದಾದರೆ ನನಗೂ ಆಗಬೇಕು, ಅಕೌಂಟ್ ಒಂದೇ ಅಲ್ಲವಾ, ಇಷ್ಟು ದಿನ ಇದು ತಲೆಗೆ ಹೋಗಲೇ ಇಲ್ಲ, ಹೋಗಿತ್ತು, ಧೈರ್ಯ ಇರಲಿಲ್ಲ. ಒತ್ತಿದೆ. ಗೆರೆ ನಿಂತಿತು. ಅಲ್ಲಿ ಕಾರಿನೊಳಗೆ ನಿಂತಿತು, ಅಮ್ಮ ಮಾವ ಎಲ್ಲರೂ ಒಮ್ಮೆ ಸ್ಪೀಕರಿನತ್ತ ನೋಡಿದರು ಅಂತ ಇಲ್ಲಿ ಪೆರಿಂಜೆ ದಾಟುವ ಬಸ್ಸಿನಲ್ಲಿ ಕುಳಿತ ನನಗೆ ಗೊತ್ತು. ಗೆರೆ ಮತ್ತೆ ಓಡಿತು, ಅವನು ಸ್ಟಿಯರಿಂಗಿನಲ್ಲಿ ಒತ್ತಿದ, ನಾನು ಮತ್ತೆ ನಿಲ್ಲಿಸಿದೆ, ಓಡಿತು, ನಿಲ್ಲಿಸಿದೆ, ಫೋನ್ ರಿಂಗಾಯಿತು. ಏ ಸಾತ್ವಿಕಾ, ಕೈ ತಾಗ್ತಾ ಉಂಟಾ ನಿನ್ನದು, ಇಲ್ಲಿ ಪದ್ಯ ನಿಲ್ತಾ ಉಂಟು ಮಾರಾಯ್ತಿ, ನೀನು ಕಾರಿನ ಸ್ಪೀಕರಿನಲ್ಲಿದ್ದಿ, ಎಲ್ಲರಿಗೂ ಕೇಳ್ತದೆ, ಅಂತ ನಗುತ್ತಾ ಉಜ್ವಲ್. ಕೈ ತಾಗಿದ್ದಲ್ಲ ಅಂದೆ, ನಾನೇ ನಿಲ್ಲಿಸಿದ್ದು. ಯಾಕೆ, ಅಂದ. ಹೇಳದೆ ನಿಲ್ಲಿಸಿದರೆ ಹೇಗಾಗ್ತದೆ ಅಂತ ನಿಮಗೂ ಗೊತ್ತಾಗಲಿ ಅಂತ. ನೋಡಿ ಆಂಟಿ, ಈಗಲೇ ಎಷ್ಟು ಜೋರು ನಿಮ್ಮ ಮಗಳು, ಅವನು ನಕ್ಕ, ಅಮ್ಮನೂ ನಕ್ಕಳು, ಆ ನಗು ಕೇಳಿ ಒಂದು ಕ್ಷಣ, ಒಂದೇ ಒಂದು ಕ್ಷಣ, ಹೋಗಲಿ ಬಿಡುವ, ನಾನೂ ನಕ್ಕುಬಿಡುವ ಅನಿಸಿತು, ಎಷ್ಟು ಸುಲಭ ಇತ್ತು ಅದು.

ಅಮ್ಮ, ಅಂದೆ, ಬಸ್ಸಿನಲ್ಲಿ ಎಲ್ಲರೂ ತಿರುಗಿದರೋ ಏನೋ, ಆ ಹುಡುಗಿಯರಂತೂ ತಿರುಗಿದರು, ತಿರುಗಲಿ, ಅಮ್ಮ, ಆ ದಿನ ಜಗಲಿಯಲ್ಲಿ ನಾನು ಫೋನ್ ಕೊಟ್ಟದ್ದಲ್ಲ, ಅವರು ನನ್ನ ಕೈಯಿಂದ ತೆಗೆದುಕೊಂಡದ್ದು, ನೀನು ಕಿಟಕಿಯಿಂದ ನೋಡಿ ಕೊಟ್ಟಳು ಅಂತ ಗ್ರಹಿಸಿದ್ದು, ನಾನು ಒಪ್ಪಿದೆ ಅಂತ ಯಾರ ಹತ್ತಿರವೂ ಹೇಳಲಿಲ್ಲ, ಆಗ ನನ್ನ ಹತ್ತಿರ ಯಾರೂ ಕೇಳಲೂ ಇಲ್ಲ, ಬೆಳಿಗ್ಗೆ ನೀನು ಕೇಳಿದಾಗ ಹೇಳ್ಲಿಕ್ಕೆ ಆಗಲಿಲ್ಲ, ಈಗ ಹೇಳ್ತೇನೆ, ನನಗೆ ಈ ಮದುವೆ ಬೇಡ. ಸಾತ್ವಿಕಾ ಎಂತ ಇದು, ಪದ್ಯಕ್ಕಾ, ಒಂದು ಪದ್ಯಕ್ಕೆ ಹೀಗಾ, ಅಂತ ಉಜ್ವಲ್, ಈಗ ನಗು ಇಲ್ಲ, ಅಮ್ಮನ ಬಳೆ ಹರಿವಾಣಕ್ಕೆ ತಾಗಿದ್ದು ಕೇಳುತ್ತದೆ, ಕಾಲ್ ಕಟ್ ಮಾಡು ಉಜ್ವಲ್, ಮತ್ತೆ ಮಾತಾಡುವ, ಅಮ್ಮನ ದನಿ ಸಣ್ಣಗಾಗಿದೆ, ಅಮ್ಮ ಬೇಡ, ಕಟ್ ಮಾಡಬೇಡಿ ಅಂತ ನಾನು. ಆಗ ನೋಣಯ್ಯ ಮಾವ, ಲಾಯಿಲದಿಂದ ಹೊರಟ ಮೇಲೆ ಮೊದಲ ಸಲ ಬಾಯಿ ಬಿಟ್ಟವರಂತೆ, ನಿಧಾನ, ಕಟ್ ಮಾಡುದು ಬೇಡ, ಗಾಡಿ ಬದಿಗೆ ಹಾಕು. ಅಲ್ಲ ಮಾವ, ಇನ್ನು ಸೇತುವೆ ದಾಟಿದರೆ ಮನೆಯೇ. ಬದಿಗೆ ಹಾಕು ಅಂದೆನಲ್ಲ, ಅಂತ ಮಾವ. ನನ್ನ ಎರಡೂ ಕಿವಿಯಲ್ಲಿ ಕಾರಿನ ಇಂಡಿಕೇಟರ್ ಬಡಿಯುತ್ತಾ ಇದೆ, ಟಿಕ್, ಟಿಕ್, ಬದಿಗೆ ಹೋಗಲಿಕ್ಕೋ ಲಾಯಿಲಕ್ಕೆ ತಿರುಗಿಸಲಿಕ್ಕೋ, ಟಿಕ್, ಟಿಕ್, ಟಿಕ್, ಟಿಕ್