ಗುರುವಾರದ ಪ್ರವಾಸ

ಶಿರಹಟ್ಟಿ ಸಮೀಪದ ಆ ಹಳ್ಳಿಯ ಶಾಲೆಯಲ್ಲಿ ರೈಲು ಹತ್ತಿದ ಮಕ್ಕಳೇ ಕಡಿಮೆ. ಅದಕ್ಕೇ ಶಿವರಂಜನಿ ಟೀಚರ್ ಈ ಸಲದ ಪ್ರವಾಸಕ್ಕೆ ಬಸ್ಸು ಬೇಡ ಎಂದಳು. ಗದಗಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಹೊಸಪೇಟೆ ಮಾರ್ಗದ ಗುಡ್ಡದ ಮೇಲಿರುವ ಹಾಳು ಅರಮನೆ ನೋಡಿಕೊಂಡು ಸಂಜೆಗೆ ಮರಳುವುದೆಂದು ಗೊತ್ತುಮಾಡಿದಳು.

ಊರು ಅವಳ ಮೇಲೆ ಮುನಿದಿದ್ದ ವರ್ಷ ಅದು. ಹಿಂದಿನ ಬೇಸಿಗೆಯಲ್ಲಿ ಶಾಲೆಯ ಹುಡುಗಿಯೊಬ್ಬಳ ಮದುವೆಯನ್ನು ಅವಳು ಸಹಾಯವಾಣಿಗೆ ಫೋನು ಮಾಡಿ ನಿಲ್ಲಿಸಿದ್ದಳು; ಬೀಗರು ಹಂದರದಿಂದಲೇ ತಿರುಗಿ ಹೋಗಿದ್ದರು. ಅಂದಿನಿಂದ ಅವಳು ಹಾದು ಹೋದರೆ ಕಟ್ಟೆಯ ಮೇಲೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಶಾಲಾ ಸಮಿತಿಯ ಅಧ್ಯಕ್ಷ ಯಮನೂರಪ್ಪ ಪ್ರವಾಸದ ಸುದ್ದಿ ಕೇಳಿ ತಾನಾಗಿಯೇ ಬಂದಾಗ ಅವಳ ಎದೆ ಹಗುರಾಯಿತು.

ಅವಳು ಶನಿವಾರ ಎಂದಿದ್ದಳು. ಶನಿವಾರ ಗಾಡಿಯಲ್ಲಿ ಗದ್ದಲ, ಗುರುವಾರ ಇಟ್ಟುಕೊಳ್ಳಿ ಎಂದು ಯಮನೂರಪ್ಪ ಪಟ್ಟುಹಿಡಿದ. ಗದಗ ಸ್ಟೇಷನ್ನಿನವರೆಗೆ ಟೆಂಪೊ ತನ್ನದು, ಮಕ್ಕಳ ಬುತ್ತಿಯೂ ತನ್ನ ಮನೆಯದು ಎಂದ. ಹೆಡ್‌ಮಾಸ್ತರರು ತಾವು ಶಾಲೆಯಲ್ಲೇ ಉಳಿಯುವುದಾಗಿ ಹೇಳಿದರೂ ಬಿಡಲಿಲ್ಲ.

"ಹೆಣ್ಣುಮಕ್ಕಳ ಜವಾಬ್ದಾರಿ ಐತ್ರಿ. ಮಾಸ್ತರ ಮಂದಿ ಎಲ್ಲಾರೂ ಹೋಗ್ರಿ."

ಎಂಟನೇ ತರಗತಿಯಲ್ಲಿದ್ದ ಅವನ ಮಗಳು ಸುಶ್ಮಿತಾ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದಳು. ಬುಧವಾರ ಸಂಜೆ ಅವಳು ಮೇಜಿನ ಬಳಿ ಬಂದು, ನಾಳೆ ಶಾಲೆಯಲ್ಲಿ ಯಾರೂ ಇರುವುದಿಲ್ಲವೇ ಎಂದು ಕೇಳಿದಳು. ಎಲ್ಲರೂ ಹೊರಟ ಮೇಲೆ ಇಲ್ಲಿ ಯಾರಿರುತ್ತಾರೆ ಎಂದು ಶಿವರಂಜನಿ ನಕ್ಕಳು. ಹುಡುಗಿ ತುಸು ನಿಂತು, ಹೊರಟುಹೋದಳು.

ಗುರುವಾರ ನಸುಕಿನಲ್ಲಿ ಸುಶ್ಮಿತಾ ಬರಲಿಲ್ಲ. ರಾತ್ರಿಯಿಂದ ಜ್ವರ ಎಂದ ಯಮನೂರಪ್ಪ ಟೆಂಪೊಗೆ ಕಾಯಿ ಒಡೆದು ಮಕ್ಕಳನ್ನು ಕಳಿಸಿಕೊಟ್ಟ.

ಗಾಡಿಯಲ್ಲಿ ಮಕ್ಕಳು ಕಿಟಕಿಗಾಗಿ ಜಗಳಾಡಿದರು. ಗುಡ್ಡ ಏರಿ, ಗಾಳಿ ಬಡಿಯುವ ಮೊಂಡುಗೋಡೆಗಳ ನಡುವೆ ಕುಳಿತು ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಹಿಂಡಿ ಇರಬೇಕಾದಲ್ಲಿ ಹೋಳಿಗೆ, ಬುಂದೆ ಉಂಡಿಗಳಿದ್ದವು. ಮಕ್ಕಳು ಮುಗಿಬಿದ್ದರು. ಸುಶ್ಮಿತಾಳ ಪಕ್ಕದಲ್ಲಿ ಕೂಡುತ್ತಿದ್ದ ರುಹಿ ಮಾತ್ರ ಏನನ್ನೂ ಮುಟ್ಟಲಿಲ್ಲ. ಶಿವರಂಜನಿ ಒತ್ತಾಯಿಸಿದಳು.

"ನಾ ಒಲ್ಲೆರಿ ಅಕ್ಕೋರ. ಇದು ಸುಶ್ಮಿತಾನ ಮದವಿ ಊಟ."

"ಯಾವಾಗ ಮದವಿ?"

"ಇವತ್ತರಿ. ನೀವು ಊರಾಗ ಇಲ್ಲದ ದಿನಾನ ಹಿಡದಾರ. ಆಕಿನ ಹೇಳಿದ್ಲು. ನಮ್ಮ ಮನ್ಯಾಗ ಬಾಯಿ ಬಿಡಬ್ಯಾಡ ಅಂದ್ರು, ನಮ್ಮ ಅಬ್ಬಾ ಸುಶ್ಮಿತಾನ ಮನಿ ಹೊಲಕ್ಕ ದುಡಿಯಾಕ ಹೋಗತಾರ್ರಿ."

ಶಿವರಂಜನಿ ಫೋನು ತೆಗೆದಳು; ಸಿಗ್ನಲ್ ಇರಲಿಲ್ಲ. ಗೋಡೆ ಹತ್ತಿ ನಿಂತ ಮೇಲೆ ಸಹಾಯವಾಣಿ ಸಿಕ್ಕಿತು, ದೂರು ಕೊಟ್ಟಳು. ನಾಳೆ ನಾವು ಅದೇ ಊರಿಗೆ ಕೆಲಸಕ್ಕೆ ಹೋಗಬೇಕು ಎಂದು ಹೆಡ್‌ಮಾಸ್ತರರು ತಗ್ಗಿದ ದನಿಯಲ್ಲಿ ಹೇಳಿದರು. ಅವರಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ.

ಮಧ್ಯಾಹ್ನ ಅಧಿಕಾರಿಗಳ ಫೋನು ಬಂತು. ಯಮನೂರಪ್ಪನ ಮನೆಗೆ ಬೀಗ, ಹಂದರವೂ ಇಲ್ಲ. ಮುಂಡರಗಿ ಆಚೆ ಗಂಡಿನ ಊರಿನಲ್ಲಿ, ಇವರು ಗುಡ್ಡ ಏರುವ ಹೊತ್ತಿಗೇ ಅಕ್ಕಿಕಾಳು ಬಿದ್ದು ಮದುವೆ ಮುಗಿದಿತ್ತಂತೆ. ಮರಳುವ ಗಾಡಿ ಇದ್ದುದು ಸಂಜೆಗೆ. ಮಕ್ಕಳು ರಾಜ ರಾಣಿ ಆಟ ಆಡುತ್ತಿದ್ದರು. ಅವಳು ಅವರನ್ನು ಕಾಯುತ್ತ ಕುಳಿತಳು.

ಊರಲ್ಲಿ ಯಮನೂರಪ್ಪ ಟೆಂಪೊದ ಹತ್ತಿರ ನಿಂತು, ಮಕ್ಕಳನ್ನು ಕೈಹಿಡಿದು ಇಳಿಸಿದ.

"ಎಲ್ಲಾ ಛಲೋ ಆತೇನ್ರಿ ಅಕ್ಕೋರ?"

ಅವಳು ದೂರು ಕೊಟ್ಟಿರುವುದನ್ನು ಹೇಳಿದಳು. ನಿಮ್ಮ ಕೆಲಸ ನೀವು ಮಾಡಿದಿರಿ ಎಂದ, ದನಿ ಏರಿಸದೆ.

ಕೆಲವು ದಿನಗಳ ಮೇಲೆ ಸುಶ್ಮಿತಾಳನ್ನು ಹುಡುಕಿ ತಂದು ಗದಗಿನ ಬಾಲಮಂದಿರದಲ್ಲಿಟ್ಟರು. ಶಿವರಂಜನಿ ನೋಡಲು ಹೋದಳು. ಹುಡುಗಿಯ ಕೈತುಂಬ ಹಸಿರು ಬಳೆ; ಕಾಲಿನ ಅರಿಶಿನ ಇನ್ನೂ ಪೂರ್ತಿ ಹೋಗಿರಲಿಲ್ಲ. ಅರಮನೆ ಹೇಗಿತ್ತು ಎಂದು ಕೇಳಿದಳು, ಅಷ್ಟೇ. ಗೋಡೆಗಳಷ್ಟೇ ಉಳಿದಿವೆ ಎಂದಳು ಶಿವರಂಜನಿ.

ವಿಚಾರಣೆಯಲ್ಲಿ ಸುಶ್ಮಿತಾ, ಮದುವೆಯೇ ಆಗಿಲ್ಲ, ಬಳಗದವರ ಮನೆಗೆ ಹೋಗಿದ್ದೆ ಎಂದಳು. ಅವಳ ತಾಯಿ ಬಾಗಿಲಲ್ಲಿ ನಿಂತಿದ್ದಳು. ತಂದೆ ಅವಳನ್ನು ಕರೆದುಕೊಂಡು ಹೋದ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಸುದ್ದಿ ಕೊಟ್ಟವಳು ರುಹಿ ಎಂಬುದು ಮಕ್ಕಳ ಬಾಯಿಂದ ಊರಿಗೆ ತಿಳಿದಿತ್ತು. ಅವಳ ತಂದೆ ರಹಮಾನಸಾಬನಿಗೆ ಆ ಊರಿನ ಯಾವ ಹೊಲದಲ್ಲೂ ಕೂಲಿ ಸಿಗದಂತಾಯಿತು. ಮನೆಯವರೆಲ್ಲ ಬೆಟಗೇರಿಗೆ ಹೊರಟರು. ಹೋಗುವ ದಿನ ರುಹಿ ಶಾಲೆಗೆ ಬಂದಳು.

"ನಾ ಹೇಳಬಾರದಿತ್ತೇನ್ರಿ ಅಕ್ಕೋರ?"

"ಹೇಳಿದ್ದು ಛಲೋ ಮಾಡಿದಿ," ಎಂದಳು ಶಿವರಂಜನಿ. ಹೊರಗೆ ರಹಮಾನಸಾಬ ಗಂಟುಮೂಟೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ. ಅವನು ಒಳಗೆ ಬರಲಿಲ್ಲ, ಅವಳ ಕಡೆಗೆ ನೋಡಲೂ ಇಲ್ಲ.