ಟೊಳ್ಳು ಪಕ್ಕೆಯೊಳಗಿನ ಬೆಳಕು

ಸುತ್ತಿಗೆಯ ದನಿ ಬದಲಾಯಿತು.

ಅಲ್ಲಿಯವರೆಗೆ ಕಂಚಿನ ಪಾತ್ರೆಯನ್ನು ತಟ್ಟಿದಂತೆ ‘ಟಣ್, ಟಣ್’ ಎಂದು ಹೊಮ್ಮುತ್ತಿದ್ದ ಸದ್ದು, ದೋಣಿಯ ಹಿಂಬದಿಗೆ ಬಂದೊಡನೆ ನೆನೆದ ದಿಂಬಿಗೆ ಗುದ್ದಿದ ಹಾಗೆ ‘ದೊಪ್’ ಎಂದು ಕುಸಿಯಿತು. ಮೇಸ್ತ್ರಿ ಒಂದಂಗುಲ ಎಡಕ್ಕೆ ಸರಿದು ತಟ್ಟಿದರು. ದೊಪ್. ಒಂದು ಗೇಣು ಕೆಳಗೆ ತಟ್ಟಿದರು. ದೊಪ್. ಕಿವಿಯ ಸಂದಿನಲ್ಲಿ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣವನ್ನು ತೆಗೆದು ಒಂದು ವೃತ್ತ ಬರೆದರು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಎಂಜಿನ್ನನ್ನು ಹೊರುವ ಹಿಂಬದಿಯ ಹಲಗೆಯ ತುಂಬ ಬಿಳಿಯ ವೃತ್ತಗಳು ಮೂಡಿದವು.

ಎಣಿಸಬಾರದೆಂದುಕೊಂಡೇ ಚುಕ್ಕಾಣಿ ಎಣಿಸಿದಳು. ಹದಿನೇಳು.

ಹನ್ನೆರಡು ವರ್ಷ ಚುಕ್ಕಾಣಿ ಹಿಡಿದ ಮೇಲೆ ಎಲ್ಲರ ಬಾಯಲ್ಲೂ ಅವಳು ಚುಕ್ಕಾಣಿಯೇ ಆಗಿದ್ದಳು. ಎದುರಿನ ದ್ವೀಪದಲ್ಲಿ ನಲವತ್ತು ಮನೆ. ಆಸ್ಪತ್ರೆ ಈ ದಡದಲ್ಲಿ. ನಡುವೆ, ಎರಡು ಪ್ರವಾಹಗಳು ಟಗರುಗಳಂತೆ ಡಿಕ್ಕಿ ಹೊಡೆಯುವ ಇಕ್ಕಟ್ಟಾದ ಕಡಲ ಬಾಯಿ. ಬಿರುಗಾಳಿಯ ದಿನಗಳಲ್ಲಿ ರೋಗಿಗಳನ್ನು ಮಲಗಿಸಿಕೊಂಡು ಆ ಬಾಯನ್ನು ದಾಟುತ್ತಿದ್ದುದು ಮೂವತ್ತೊಂದು ವರ್ಷದ ಈ ಫೈಬರ್ ದೋಣಿಯೊಂದೇ. ಮನೆಯವರು ಅದನ್ನು ‘ಮುದುಕಿ’ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಓಡಿಸಿದ ಮಾವ, ಕೊನೆಗೆ ಅದರ ಕೀಲಿಯನ್ನು ಮಗನಿಗೆ ಕೊಡದೆ ಸೊಸೆಯ ಅಂಗೈಯಲ್ಲಿಟ್ಟಿದ್ದರು. “ಅವನಿಗೆ ಬಸ್ಸಲ್ಲಿ ಕೂತ್ರೇನೇ ವಾಂತಿ. ದೋಣಿ ನಿನ್ನದು, ಅದರ ಮಾತೂ ನಿನ್ನದೇ” ಎಂದಿದ್ದರು.

ಆ ಮಾತು ಇಂದು ಅವಳ ಕೊರಳಿಗೆ ಬಂದಿತ್ತು. ಮೂರು ವಾರದ ಹಿಂದೆ, ಕಡಲ ಬಾಯಿಯ ನಟ್ಟನಡುವೆ ವೇಗ ಹೆಚ್ಚಿಸಿದಾಗ ಎಂಜಿನ್ ಹಿಂದಕ್ಕೆ ತಲೆದೂಗಿದ್ದನ್ನು ಅವಳು ಕಂಡಿದ್ದಳು. ಎಳ್ಳಿನಷ್ಟು ಮಾತ್ರ. ಆದರೆ ಎಂಜಿನ್ ತಲೆದೂಗಬಾರದು. ಅಂದೇ ಮುದುಕಿಯನ್ನು ದಡಕ್ಕೆಳೆಸಿ ಶೆಡ್ಡಿಗೆ ತಂದಿದ್ದಳು. ಈ ಹೊತ್ತು ಸಂಜೆ ನಾಲ್ಕಕ್ಕೆ, ಹಳೆಯ ಫೈಬರ್ ದೋಣಿಗಳನ್ನು ಪುಡಿ ಮಾಡಲು ಒಯ್ಯುವ ಲಾರಿ ಬರುವುದಿತ್ತು. ಅದು ಬರುವುದೇ ವರ್ಷಕ್ಕೊಮ್ಮೆ. ಮುದುಕಿಯನ್ನು ಅದಕ್ಕೆ ಏರಿಸಬೇಕೋ, ಉಳಿಸಿಕೊಳ್ಳಬೇಕೋ? ನಾಲ್ಕರೊಳಗೆ ಅವಳು ಹೇಳಬೇಕು.

ಗಡಿಯಾರ ಒಂದೂವರೆ ತೋರಿಸುತ್ತಿತ್ತು.

“ಹೇಳಿ ಮೇಸ್ತ್ರಿಗಳೇ, ಬಾಯಿ ಬಿಡಿ” ಎಂದಳು.

“ಬಾಯಿ ಬಿಡೋದು ನಾನಲ್ಲ ತಾಯಿ, ಇವಳು” ಎಂದರು ಮೇಸ್ತ್ರಿ, ಡ್ರಿಲ್ಲನ್ನು ಕೈಗೆತ್ತಿಕೊಳ್ಳುತ್ತ. ಬಲಗಿವಿ ಪೂರ್ತಿ ಮಂದ. ಎಡಗಿವಿಯೊಂದರಲ್ಲೇ ಮರದ ಒಳಗುಟ್ಟನ್ನು ಆಲಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. “ಬಲಗಿವಿ ಹೆಂಡತಿಗೆ, ಎಡಗಿವಿ ದೋಣಿಗೆ” ಎನ್ನುವುದು ಅವರ ಹಳೆಯ ನಗೆಮಾತು.

ಡ್ರಿಲ್ ಗುಂಯ್‌ಗುಟ್ಟಿತು. ಮೊದಲು ಫೈಬರಿನ ಬಿಳಿಯ ಪುಡಿ ಬಂತು. ಆಮೇಲೆ, ಫೈಬರ್ ಪೊರೆಯ ಒಳಗಿರುವ ಒಣಮರದ ಹೊಂಬಣ್ಣದ ಹೊಟ್ಟು ಬರಬೇಕಾಗಿತ್ತು. ಬಂದದ್ದು ಕಾಫಿ ಗಸಿಯಂಥ ಕರಿಮುದ್ದೆ. ಅದರ ಬೆನ್ನಿಗೇ ಕಂದು ನೀರಿನದೊಂದು ಎಳೆ ಇಳಿಯತೊಡಗಿತು.

ಮೇಸ್ತ್ರಿ ಬೆರಳನ್ನು ಆ ನೀರಿಗೆ ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು.

“ಅಯ್ಯಯ್ಯೋ, ಅದನ್ನ ಬಾಯಿಗಿಟ್ಟುಕೊಂಡ್ರಾ!” ಎಂದು ಕೂಗಿದವಳು ನಾದಿನಿ. ದ್ವೀಪಕ್ಕೆ ವಾರಕ್ಕೆ ನಾಲ್ಕು ದಿನ ಹೋಗಿಬರುವ ನರ್ಸು ಅವಳೇ. “ನಾಳೆ ಹೊಟ್ಟೆ ಹಿಡ್ಕೊಂಡು ನನ್ನ ಹತ್ರಾನೇ ಬರ್ತೀರಿ.”

ಮೇಸ್ತ್ರಿ ನಗಲಿಲ್ಲ. “ಸಪ್ಪೆ” ಎಂದರು. “ಒಂದು ಕಾಳು ಉಪ್ಪಿಲ್ಲ. ಇದು ಸಮುದ್ರದ ನೀರಲ್ಲ, ನಲ್ಲಿ ನೀರು. ಯಾರು ತೊಳೀತಿದ್ರು ಇವಳನ್ನ?”

ಚುಕ್ಕಾಣಿ ಬಾಗಿ ಆ ಕಂದು ನೀರನ್ನು ನೋಡಿದಳು. “ನಾನು. ದಿನಾ. ಒಂದು ದಿನಾನೂ ತಪ್ಪಿಸಿಲ್ಲ.”

“ಉಪ್ಪು ಹಾಕಿದ ಮೀನು ಕೊಳೆಯುತ್ತಾ ತಾಯಿ? ಮರವೂ ಹಾಗೇನೇ. ಸಮುದ್ರದ ನೀರು ಒಳಗೆ ಹೋಗಿದ್ರೆ ಇಷ್ಟು ಬೇಗ ಹಾಳಾಗ್ತಿರಲಿಲ್ಲ. ಮರ ತಿನ್ನೋ ಬೂಷ್ಟಿಗೆ ಸಿಹಿನೀರೇ ಆಗಬೇಕು. ಸರಿ, ಒಳಗೆ ಹೋಗೋಕೆ ದಾರಿ ಕೊಟ್ಟಿದ್ದು ಯಾವುದು?” ಅವರ ಕಣ್ಣು ಹಿಂಬದಿಯ ಏಣಿಯ ಮೇಲೆ ನಿಂತಿತು. ನಾಲ್ಕು ಬೋಲ್ಟು. ಸುತ್ತ ಕೂದಲೆಳೆಯಷ್ಟು ಸಂದು.

ವಯಸ್ಸಾದವರು ಹತ್ತಲು ಒದ್ದಾಡುತ್ತಾರೆಂದು, ಓಡಿಸಲು ತೊಡಗಿದ ವರ್ಷವೇ ಅವಳು ಆ ಏಣಿಯನ್ನು ಕೈಯಾರೆ ಬಿಗಿದಿದ್ದಳು. ರೋಗಿಗಳ ಸ್ಟ್ರೆಚರಿನ ಪಟ್ಟಿಗಳಿಗೆಂದು ನೆಲದಲ್ಲಿ ಹನ್ನೆರಡು ಸ್ಕ್ರೂ ಹಾಕಿದ್ದಳು. ತೂತುಗಳ ಅಂಚಿಗೆ ಅಂಟು ಬಳಿಯಬೇಕೆಂಬುದು ಆಗ ಅವಳಿಗೆ ತಿಳಿದಿರಲಿಲ್ಲ. ಕಡಲು ಇಷ್ಟು ವರ್ಷ ಅಪ್ಪಳಿಸಿಯೂ ಮಾಡಲಾಗದ್ದನ್ನು ಅವಳ ಅಕ್ಕರೆ ಸದ್ದಿಲ್ಲದೆ ಮಾಡಿ ಮುಗಿಸಿತ್ತು.

“ಏಣಿ ಬಿಗಿದವಳು ನಾನು ಮಾವ.”

ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತಿದ್ದ ಮಾವ ಕೆಮ್ಮಿದರು. “ತೊಳೀಲೇಬೇಕು ಅಂತ ಕಲಿಸಿದವನು ನಾನಮ್ಮ. ಗುರುವಿಗೇ ಗೊತ್ತಿರಲಿಲ್ಲ ಅಂದ್ಮೇಲೆ ಶಿಷ್ಯೆ ಏನು ಮಾಡ್ತಾಳೆ?”

“ಅಪ್ಪ, ಅತ್ತಿಗೆ, ತಪ್ಪನ್ನ ಆಮೇಲೆ ಹಂಚ್ಕೊಳ್ಳಿ” ಎಂದಳು ನಾದಿನಿ. “ರೋಗಿಯ ಹೊಟ್ಟೆಯಲ್ಲಿ ಏನಿದೆ ಅಂತ ಮೊದಲು ನೋಡೋಣ.”

ನೆಲದ ಹಲಗೆಗಳನ್ನು ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಳಗೆ, ಮೂತಿಯಿಂದ ಹಿಂಬದಿಯವರೆಗೆ, ನಾಲ್ಕು ಉದ್ದನೆಯ ಪಕ್ಕೆಗಳು ಸಾಲಾಗಿ ಮಲಗಿದ್ದವು. ಮರದ ತೊಲೆಯ ಮೇಲೆ ಫೈಬರಿನ ಬಟ್ಟೆ ಹೊದಿಸಿ, ರೆಸಿನ್ ಎಂಬ ಅಂಟುದ್ರವ ಕುಡಿಸಿ ಕಟ್ಟಿದ ಪಕ್ಕೆಗಳವು. ತಳಕ್ಕೆ ಬಿಗಿಯನ್ನು ಕೊಡುವುದೇ ಅವು. ಮೇಸ್ತ್ರಿ ಮೊದಲನೆಯದರ ತುದಿಯಲ್ಲಿ ಅಂಗೈಯಗಲದ ಕಿಟಕಿ ಕೊಯ್ದು, ಅವಳತ್ತ ತಿರುಗಿದರು. “ಕೈ ಹಾಕು.”

ಹಾಕಿದಳು. ಮಣಿಕಟ್ಟು ಹೋಯಿತು. ಮೊಣಕೈ ಹೋಯಿತು. ತೋಳು ಹೋಯಿತು. ಬೆರಳಿಗೆ ಏನೂ ತಾಗಲಿಲ್ಲ.

ಕೆನ್ನೆಯನ್ನು ಪಕ್ಕೆಗೊತ್ತಿ ಇನ್ನಷ್ಟು ಚಾಚಿದಾಗ ಒಂದು ಹಿಡಿ ಏನೋ ಸಿಕ್ಕಿತು. ಹೊರಗೆಳೆದು ನೋಡಿದರೆ, ಅಂಗೈಯಲ್ಲಿ ಚಿಕ್ಕ ಚಿಕ್ಕ ಕಂದು ಘನಗಳು, ಯಾರೋ ಅಳೆದು ಕತ್ತರಿಸಿದಂತೆ ಚೌಕ ಚೌಕ. ಹಿಸುಕಿದರೆ ಮೂಗಿಗೆ ಹಾಕುವ ನಸ್ಯದಷ್ಟು ನುಣುಪು. ಅವುಗಳ ನಡುವೆ ಹಕ್ಕಿಯ ಗರಿಯಂತೆ ಹರಡಿಕೊಂಡ ಬಿಳಿಯ ಬೂಷ್ಟು. ಮಳೆ ನಿಂತ ಕಾಡಿನ ವಾಸನೆ ಶೆಡ್ಡನ್ನೆಲ್ಲ ತುಂಬಿತು. ಇಪ್ಪತ್ತಾರು ಅಡಿ ಉದ್ದದ ತೊಲೆ ಇದ್ದ ಜಾಗದಲ್ಲಿ ತೊಲೆಯ ಆಕಾರ ಮಾತ್ರ ಉಳಿದಿತ್ತು.

“ಮೇಲೆ ಥಳುಕು, ಒಳಗೆ ಹುಳುಕು” ಎಂದು ಗೊಣಗಿದರು ಮಾವ. ಆದರೆ ಆ ದನಿಯಲ್ಲಿ ತಾತ್ಸಾರವಿರಲಿಲ್ಲ, ಭಯವಿತ್ತು. “ಇದರ ಮೇಲೆ ನಿಂತ್ಕೊಂಡು ದಾಟ್ತಾ ಇದ್ವಾ?”

ನಾದಿನಿ ಬಾಯಿಗೆ ಸೆರಗೊತ್ತಿಕೊಂಡಿದ್ದಳು. “ಹೋದ ತಿಂಗಳು ಅವಳಿ ಹೊತ್ತ ಗರ್ಭಿಣಿಯನ್ನ ಕರ್ಕೊಂಡು ಬಂದ್ವಲ್ಲ ಅತ್ತಿಗೆ. ಅವತ್ತಿನ ಅಲೆ...”

ಆ ಅಲೆ ಚುಕ್ಕಾಣಿಗೆ ನೆನಪಿತ್ತು. ಮುದುಕಿ ಅದರ ನೆತ್ತಿಯಿಂದ ಜಾರಿ, ಕಲ್ಲಿಗೆ ಬಿದ್ದಂತೆ ನೀರಿಗೆ ಬಿದ್ದಿತ್ತು. ಹಾಗಾದರೆ ಆ ಹೊಡೆತವನ್ನು ತಡೆದುಕೊಂಡದ್ದು ಯಾವುದು? ಮರವಂತೂ ಅಲ್ಲ. ಮರ ಆಗಲೇ ಇರಲಿಲ್ಲ.

ಮೇಸ್ತ್ರಿಯ ತಲೆಯಲ್ಲೂ ಅದೇ ಪ್ರಶ್ನೆ ಓಡುತ್ತಿದ್ದಿರಬೇಕು. “ಬಾಗಿಲು ಹಾಕಿ. ಶೆಡ್ಡಿನ ಕಿಟಕಿಗೆ ಟಾರ್ಪಾಲು ಕಟ್ಟಿ. ಉದ್ದನೆಯ ಕೋಲಿಗೊಂದು ಬಲ್ಬು ಕಟ್ಟಿಕೊಡಿ” ಎಂದರು. “ಪಕ್ಕೆಯ ಒಳಗೆ ದೀಪ ಇಳಿಸ್ತೀನಿ. ಫೈಬರ್ ತೆಳ್ಳಗಿದ್ರೆ ಬೆಳಕು ಬೆಳ್ಳಗೆ ಹೊರಗೆ ಬರುತ್ತೆ. ಹಾಗೆ ಬಂದ್ರೆ ಲಾರಿಗೆ ಹತ್ತಿಸೋಣ, ನಾನೂ ಒಂದು ಕೈ ಹಾಕ್ತೀನಿ. ದಪ್ಪಗಿದ್ರೆ...” ಎನ್ನುತ್ತ ಕೋಲಿಗೆ ಕೈ ಚಾಚಿದರು.

ಎರಡೂ ಮುಕ್ಕಾಲು. ಹಾಡಹಗಲಿನಲ್ಲಿ ಶೆಡ್ಡು ಕತ್ತಲಾಯಿತು. ನಾಲ್ವರೂ ದೋಣಿಯೊಳಗೆ ನಿಂತರು. ಕೋಲು ಪಕ್ಕೆಯೊಳಗೆ ಸರಸರನೆ ಸರಿಯಿತು. ಗುಂಡಿ ಒತ್ತಿದ ಸದ್ದು.

ಏನೂ ಕಾಣಿಸಲಿಲ್ಲ.

“ಬಲ್ಬು ಹೋಗಿದೆ” ಎಂದು ಪಿಸುಗುಟ್ಟಿದಳು ನಾದಿನಿ.

“ಹೋಗಿಲ್ಲ. ಕಣ್ಣು ಹೊಂದಿಕೊಳ್ಳಲಿ, ತಡಿ.”

ಆಗ ಅದು ಕಂಡಿತು. ಮೊದಲು ಕೆಂಡ ಬೂದಿಯೊಳಗಿಂದ ಇಣುಕಿದಷ್ಟು. ಬಳಿಕ, ಕಣ್ಣು ಕತ್ತಲಿಗೆ ಒಗ್ಗಿದಂತೆ, ಕಪ್ಪುಜೇನಿನ ಬಣ್ಣದ ಒಂದು ಮಿನುಗು ಪಕ್ಕೆಯೊಳಗೆ ಮೆಲ್ಲನೆ ನಡೆಯುತ್ತಿತ್ತು. ಆ ಬೆಳಕಿನಲ್ಲಿ ನೇಯ್ಗೆ ಎದ್ದು ಬಂತು. ಹಾಸು, ಹೊಕ್ಕು, ಅದರ ಮೇಲೆ ಅಡ್ಡಡ್ಡ ಇನ್ನೊಂದು ಬಟ್ಟೆ, ಅದರ ಮೇಲೆ ಮತ್ತೊಂದು. ಮೇಸ್ತ್ರಿ ಅಂಚಿಗೆ ಮೂಗು ತಾಗಿಸಿ ಪದರಗಳನ್ನು ಎಣಿಸತೊಡಗಿದರು. ಒಂಬತ್ತಕ್ಕೆ ನಿಲ್ಲಲಿಲ್ಲ. ಹನ್ನೊಂದಕ್ಕೆ ನಿಲ್ಲಲಿಲ್ಲ.

“ಹದಿನಾಲ್ಕು!” ಎಂದರು ಮೇಸ್ತ್ರಿ. “ಐದು ಹಾಕಿದ್ರೆ ಸಾಕಾಗ್ತಿತ್ತು. ಹೆಬ್ಬೆರಳ ದಪ್ಪ ಇದೆ. ಯಾರೋ ಪುಣ್ಯಾತ್ಮರು ತಾಯಿ. ಅವರಿಗೆ ಮರದ ಮೇಲೆ ನಂಬಿಕೆ ಇರಲಿಲ್ಲ. ಮರಾನ ಬರೀ ಅಚ್ಚು ಮಾಡ್ಕೊಂಡು ಕಟ್ಟಿದಾರೆ. ಅಚ್ಚು ಕೊಳೆತುಹೋಗಿದೆ, ಪಕ್ಕೆ ಹಾಗೇ ನಿಂತಿದೆ.”

ದೀಪ ನಡುವಿಗೆ ಬಂದಾಗ ಚುಕ್ಕಾಣಿ ಮಂಡಿಯೂರಿದಳು. ರೆಸಿನ್ನಿನ ಒಳಗೆ, ಗಾಜಿನಲ್ಲಿ ಸಿಕ್ಕಿದಂತೆ, ಐದು ಬೆರಳುಗಳ ಗುರುತಿತ್ತು. ಹಸಿಬಟ್ಟೆಯನ್ನು ಒತ್ತಿ ಕೂರಿಸಿದ ಕೈ ಯಾರದೋ. ಆ ಕೆಲಸಗಾರ ದ್ವೀಪವನ್ನು ನೋಡಿರಲಾರ. ಅವಳಿ ಮಕ್ಕಳ ಸುದ್ದಿ ಅವನಿಗೆ ಮುಟ್ಟಿರಲಾರದು. ಯಾರೂ ಎಂದೂ ತೆರೆದು ನೋಡದ ಜಾಗದಲ್ಲಿ ಅವನು ಒಂಬತ್ತು ಪದರ ಹೆಚ್ಚಿಗೆ ಹಾಕಿ ಹೋಗಿದ್ದ. ಕೈಮುಗಿಯಬೇಕೆನಿಸಿತು, ಯಾರಿಗೆ ಎಂದು ತಿಳಿಯದೆ ಸುಮ್ಮನಾದಳು.

ಉಳಿದ ಮೂರು ಪಕ್ಕೆಗಳೂ ಅದೇ ಉತ್ತರ ಕೊಟ್ಟವು.

“ಹಾಗಾದ್ರೆ ಬಚಾವು!” ಎಂದಳು ನಾದಿನಿ.

“ಅವಸರ ಬೇಡ” ಎಂದರು ಮೇಸ್ತ್ರಿ. “ಎಂಜಿನ್ ತೂಗೋ ಹಲಗೆ ಇನ್ನೂ ಬಾಕಿ ಇದೆ.”

ತಟ್ಟಿ ನೋಡುವ ಮೊದಲೇ ಆ ಹಲಗೆಯ ಬಣ್ಣವನ್ನು ಒಳಗೂ ಹೊರಗೂ ಕೆರೆದಿದ್ದರು. ಎರಡು ಫೈಬರ್ ಪೊರೆಗಳ ನಡುವೆ ದಪ್ಪ ಪ್ಲೈವುಡ್ಡು. ಕಟ್ಟಿದ ಬಗೆ ಅಷ್ಟೆ. ಮೇಲಂಚನ್ನು ಬಿಡಿಸಿ, ಉದ್ದನೆಯ ಸೌಟಿನಿಂದ ಕೊಳೆತ ಮುದ್ದೆಯನ್ನು ಒಂದು ಮೊಳ ಆಳದವರೆಗೆ ಬಾಚಿ ತೆಗೆದು, ಆ ಸಂದಿಗೆ ದೀಪ ಇಳಿಸಿದರು.

ಶೆಡ್ಡು ಬೆಳಗಿಹೋಯಿತು.

ಒಳಪೊರೆ ಕಾಗದದ ಗೂಡುದೀಪದಂತೆ ಉರಿಯುತ್ತಿತ್ತು. ಎಲ್ಲರ ಮುಖ ಎಲ್ಲರಿಗೂ ಕಂಡಿತು. ಬೋಲ್ಟಿನ ತೂತುಗಳಿಂದ ಸೀಳುಗಳು ಜೇಡರ ಬಲೆಯಂತೆ ಹಬ್ಬಿದ್ದವು. ನೂರ ಎಂಬತ್ತು ಕಿಲೋ ತೂಕದ ಎಂಜಿನ್ ಇಷ್ಟು ದಿನ ಇದರ ಮೇಲೆ ತೂಗಿತ್ತು. ಇನ್ನೊಂದು ದೊಡ್ಡ ಅಲೆ ಬಂದಿದ್ದರೆ ಎಂಜಿನ್ನಿನ ಜೊತೆಗೆ ಹಿಂಬದಿಯೂ ಕಿತ್ತುಹೋಗಿ, ಕಡಲು ಹೇಳದೆ ಕೇಳದೆ ಒಳಗೆ ನುಗ್ಗುತ್ತಿತ್ತು.

ಮೇಸ್ತ್ರಿ ದೀಪ ಆರಿಸಿದರು. “ಪಕ್ಕೆ ಬದುಕಿದೆ, ಬೆನ್ನು ಸತ್ತಿದೆ. ಒಳಪೊರೆ ಕೊಯ್ದು, ಎಲ್ಲಾ ಬಾಚಿ, ಒಣಗಿಸಿ, ಹೊಸ ಹಲಗೆ ಕೂರಿಸ್ಬೇಕು. ನಲವತ್ತು ದಿನದ ಕೆಲಸ. ಮಾಡೋಕಾಗುತ್ತಾ ಅಂದ್ರೆ ಆಗುತ್ತೆ. ಮಾಡ್ಬೇಕಾ? ಅದನ್ನ ನೀನೇ ಹೇಳ್ಬೇಕು.”

ಹೊರಗೆ ಲಾರಿಯ ಹಾರ್ನು ಕೇಳಿಸಿತು. ಹತ್ತು ನಿಮಿಷ ಮೊದಲೇ ಬಂದಿತ್ತು.

“ಮಾಡಿದ ಮೇಲೆ ನಂಬಬಹುದಾ ಮೇಸ್ತ್ರಿಗಳೇ?”

“ನಂಬಿದ್ದಕ್ಕೇ ಈ ಗತಿ ಬಂದಿದ್ದು. ನಂಬಬೇಡ. ವರ್ಷಕ್ಕೊಂದ್ಸಲ ಸುತ್ತಿಗೆ ಹಿಡ್ಕೊಂಡು ತಟ್ಟು.”

ಅವಳು ಮಾವನ ಕಡೆ ನೋಡಿದಳು. ಮಾವ ಬೇಕೆಂದೇ ಚಪ್ಪಲಿ ನೋಡುತ್ತಿದ್ದರು. “ನನ್ನನ್ನೇನು ನೋಡ್ತೀಯಮ್ಮ, ಕೀಲಿ ನಿನ್ನ ಹತ್ರ ಇದೆ” ಎಂದರು.

“ನಲವತ್ತು ದಿನ ದ್ವೀಪದವರು ಏನು ಮಾಡ್ತಾರೆ?”

“ನಾನು ಅಲ್ಲೇ ಇರ್ತೀನಿ” ಎಂದಳು ನಾದಿನಿ. “ತಿಳಿನೀರಿರೋ ದಿನ ನೋಡಿ ಮೀನುಗಾರರ ದೋಣಿಯಲ್ಲಿ ಔಷಧಿ ಪೆಟ್ಟಿಗೆ ಹೊತ್ಕೊಂಡು ಹೋಗ್ತೀನಿ. ಅಷ್ಟರೊಳಗೆ ಹೆರಿಗೆ ಯಾವುದೂ ಇಲ್ಲ, ಲೆಕ್ಕ ಹಾಕಿದೀನಿ. ನಲವತ್ತೊಂದನೇ ದಿನ ಮಾತ್ರ ನೀವು ಬರದೇ ಇದ್ರೆ ಈಜ್ಕೊಂಡು ಬಂದು ಜಗಳ ಆಡ್ತೀನಿ ಅತ್ತಿಗೆ.”

ಹಾರ್ನು ಮತ್ತೆ ಕೂಗಿತು. ಚುಕ್ಕಾಣಿ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದಳು. ಬಿಸಿಲು ಒಳನುಗ್ಗಿತು. “ನಮ್ಮದಿಲ್ಲಪ್ಪ” ಎಂದು ಲಾರಿಯವನಿಗೆ ಕೂಗಿ ಹೇಳಿದಳು. “ಮುಂದಿನವರ ಹತ್ರ ಹೋಗು.”

ಮೇಸ್ತ್ರಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೊಯ್ಯುವ ಯಂತ್ರವನ್ನು ಅವಳ ಕೈಗೇ ಕೊಟ್ಟರು. ಮತ್ತೆ ದೋಣಿಯೊಳಗೆ ಹತ್ತಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳು ಒಳಪೊರೆಯನ್ನು ನಾಲ್ಕೂ ಬದಿಗೆ ಕೊಯ್ದಳು. ಅದು ಕಳಚಿ ಬಿತ್ತು. ಹಿಂದೆಯೇ, ಹಸಿಮಣ್ಣಿನ ದಿಬ್ಬ ಜರಿದಂತೆ, ಕರಿಮುದ್ದೆಯೆಲ್ಲ ಪಾದದ ಮೇಲೆ ಸುರಿಯಿತು. ಧೂಳು ತಗ್ಗುವವರೆಗೆ ಕಣ್ಣು ಮುಚ್ಚಿ ನಿಂತಳು.

ತೆರೆದಾಗ ಎದುರಿಗೆ ಹೊರಪೊರೆಯೊಂದೇ ಉಳಿದಿತ್ತು. ಬಾಗಿಲ ಬಿಸಿಲು ಅದರ ಮೇಲೆ ನೇರ ಬಿದ್ದು, ಮುದುಕಿಯ ಬೆನ್ನಿಡೀ ನಸುಗೆಂಪಾಗಿ, ಉಸಿರಾಡುವ ಚರ್ಮದಂತೆ ಬೆಳಗುತ್ತಿತ್ತು. ಆ ಬೆಳಕಿನ ನಡುವೆ ಒಂದು ದೊಡ್ಡ ಕೈಯ ನೆರಳಿತ್ತು. ಐದೂ ಬೆರಳು ಅಗಲಿಸಿ ಆಚೆಯಿಂದ ಯಾರೋ ಒತ್ತಿ ಹಿಡಿದಿದ್ದರು.

“ಏನಮ್ಮಾ” ಎಂದಿತು ಆಚೆಯಿಂದ ಮಾವನ ದನಿ, “ಗೋಡೆ ಉಳಿದಿದೆಯೋ, ಅದೂ ಹೋಯ್ತೋ?”

“ಉಳಿದಿದೆ ಮಾವ” ಎಂದಳು ಅವಳು. “ಸ್ವಲ್ಪ ಹೊತ್ತು ಕೈ ತೆಗೀಬೇಡಿ.”